ಹಾಳೆ ತಿರುವುವ ಮಾರ್ಲಿಸ್

ಮಾರ್ಲಿಸ್ ಟ್ವೇಟ್‌ಗೆ ಸ್ವರಲಿಪಿ ಓದಲು ಬರುವುದಿಲ್ಲ. ಆದರೂ ಅಮೆರಿಕದ ಮಿನಸೋಟಾ ರಾಜ್ಯದ ಹಾಲ್ವರ್ ಪ್ರೇರಿ ಎಂಬ ಪುಟ್ಟ ಊರಿನ ಚರ್ಚಿನಲ್ಲಿ ನಲವತ್ತೊಂದು ವರ್ಷ, ಪ್ರತಿ ಭಾನುವಾರ, ಗಂಡ ಓರ್ಲಿನ್ ಆರ್ಗನ್ ನುಡಿಸುವಾಗ ಬಲಗಡೆ ನಿಂತು ಪುಸ್ತಕದ ಹಾಳೆ ತಿರುವಿದವಳು ಅವಳೇ. ಪುಟ ಮುಗಿಯಿತೆಂದು ಅವಳಿಗೆ ತಿಳಿಯುತ್ತಿದ್ದುದು ಪುಸ್ತಕದಿಂದಲ್ಲ, ಓರ್ಲಿನ್‌ನ ಗಲ್ಲದಿಂದ. ಗಲ್ಲ ಮೇಲೆದ್ದರೆ ಕೈ ಚಾಚಬೇಕು, ಕೆಳಗಿಳಿದರೆ ತಿರುವಬೇಕು. ಒಂದು ಚಳಿಗಾಲ ಅವನಿಗೆ ನೆಗಡಿಯಾಗಿ, ಪ್ರತಿ ಸೀನಿಗೂ ಅವಳು ಹಾಳೆ ತಿರುವುತ್ತ ಹೋಗಿ, ಮೂರನೆಯ ಚರಣ ಹಾಡುತ್ತಿದ್ದ ಜನ ಇದ್ದಕ್ಕಿದ್ದಂತೆ ಕ್ರಿಸ್‌ಮಸ್ ಹಾಡಿಗೆ ಹೋಗಿ ಬಿದ್ದದ್ದೂ ಉಂಟು. ಊರಿನವರು ಅದನ್ನು ಇಪ್ಪತ್ತು ವರ್ಷ ಆಡಿಕೊಂಡರು.

ವಾರದ ದಿನಗಳಲ್ಲಿ ಅವಳು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಳು. ಓರ್ಲಿನ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಹಿಮಗಟ್ಟಿದ ರಬ್ಬರ್ ಪೈಪು ಎಳೆದೆಳೆದು ಅವನ ಬೆರಳುಗಳು ಬೇರುಗಳ ಹಾಗೆ ದಪ್ಪಗಾಗಿದ್ದವು.

ಆ ಊರಿನವರೆಲ್ಲ ನಾರ್ವೆಯಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ‘ಬೇಕು’ ಎಂಬ ಮಾತು ಅವರ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಕಾಫಿ ಕೊಡಲೇ ಎಂದರೆ ಮೊದಲ ಸಲ, “ಬೇಡ ಬೇಡ, ಈಗಷ್ಟೇ ಕುಡಿದು ಬಂದೆ.” ಎರಡನೆಯ ಸಲ, “ಸುಮ್ನೆ ನಿಮಗ್ಯಾಕೆ ತೊಂದ್ರೆ.” ಮೂರನೆಯ ಸಲ, “ನೀವು ಹೇಗೂ ಮಾಡ್ಕೋತಿದ್ರೆ ಅರ್ಧ ಲೋಟ ಕೊಡಿ.” ಅರ್ಧ ಲೋಟ ಎಂದವರು ಮೂರು ಲೋಟ ಮುಗಿಸಿ, ಹೊರಟೆ ಎಂದು ಎದ್ದು, ಬಾಗಿಲಲ್ಲಿ ನಿಂತು ಮತ್ತೆ ಮುಕ್ಕಾಲು ಗಂಟೆ ಮಾತಾಡಿಯೇ ಹೋಗುತ್ತಾರೆ. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ. ಒಂದೇ ಸಲ ಕೇಳಿ ಸುಮ್ಮನಾದವನು ಜಿಪುಣ. ಉಪಚಾರ ಹೇಳಿಸಿಕೊಂಡು ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ. ಆದರೆ ಇವರಷ್ಟು ಕಟ್ಟುನಿಟ್ಟಾಗಿ ಲೆಕ್ಕ ತಪ್ಪದೆ ನಡೆಸುವವರನ್ನು ನಾನು ಬೇರೆಲ್ಲೂ ಕಾಣೆ.

ಹೋದ ವರ್ಷ ಆ ಚರ್ಚು ಮುಚ್ಚಿತು. ಬರುವವರು ಹದಿನಾಲ್ಕೇ ಜನ ಉಳಿದಿದ್ದರು, ಅದರಲ್ಲಿ ಇಬ್ಬರು ಈ ಗಂಡ ಹೆಂಡಿರು. ಆರ್ಗನ್ನನ್ನು ಬಿಚ್ಚಿ, ಅದರ ನಾದ ಹೊರಡುವ ಕೊಳವೆಗಳಿಗೆ ಕಂಬಳಿ ಸುತ್ತಿ, ಪಕ್ಕದ ಡಕೋಟಾ ಕಡೆಯವರು ಯಾರೋ ಲಾರಿಯಲ್ಲಿ ಒಯ್ದರು. ಲಾರಿಯ ಹಿಂದೆ ನಿಂತು ನೋಡುತ್ತಿದ್ದ ಓರ್ಲಿನ್, “ಚೆನ್ನಾಗಿ ಕಟ್ಟಿದಾರೆ, ಅಲ್ಲಾಡಲ್ಲ” ಎಂದಷ್ಟೇ ಹೇಳಿದ. ಅಂದಿನಿಂದ ಊಟದ ಮೇಜಿನ ಅಂಚಿನಲ್ಲಿ ಅವನ ಬೆರಳು ತಾವೇ ಆಡತೊಡಗಿದವು. ಅವನಿಗೆ ಅದರ ಅರಿವಿರಲಿಲ್ಲ. ಮಾರ್ಲಿಸ್ ಕಂಡೂ ಕಾಣದ ಹಾಗೆ ತಟ್ಟೆ ಎತ್ತುತ್ತಿದ್ದಳು.

ಉಳಿದ ಹನ್ನೆರಡು ಜನ ಸೇರಿ ಒಂದು ಲಕೋಟೆ ತಂದುಕೊಟ್ಟರು. ಒಳಗೆ ಇಬ್ಬರಿಗೂ ಯೂರೋಪ್ ಪ್ರವಾಸ, ಐದು ನಗರ, ಹನ್ನೆರಡು ದಿನ. “ದೊಡ್ಡ ದೊಡ್ಡ ಆರ್ಗನ್ ಇರೋ ಊರುಗಳಂತೆ. ಒಂದ್ಸಲನಾದ್ರೂ ಕೂತು ನುಡಿಸ್ಕೊಂಡು ಬಾ ಮಾರಾಯ” ಎಂದರು. ಓರ್ಲಿನ್ ಎರಡು ಸಲ ಲಕೋಟೆ ವಾಪಸು ಮಾಡಿದ. ಮೂರನೆಯ ಸಲ ಜೇಬಿಗಿಟ್ಟುಕೊಂಡ. ಮಾರ್ಲಿಸ್ ಕಾರಿನಲ್ಲಿ ಕೂತು, ಇಷ್ಟು ಒಳ್ಳೆಯ ಜನರ ನಡುವೆ ಬದುಕಿದೆನಲ್ಲ ದೇವರೇ ಎಂದು ಕಣ್ಣು ಒರೆಸಿಕೊಂಡಳು.

ಹೊರಟ ಮೇಲೆ ಅವಳಿಗೆ ಎಲ್ಲಕ್ಕೂ ಸಂತೋಷವೇ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ್ದಕ್ಕೆ, ಹೋಟೆಲಿನಲ್ಲಿ ಬೇಯಿಸಿದ ಮೊಟ್ಟೆ ಬಿಸಿಯಾಗಿದ್ದಕ್ಕೆ, ತನ್ನ ನೋವಿನ ಮೊಣಕಾಲು ಪ್ರಾಗ್‌ನ ಕಲ್ಲುಬೀದಿಯನ್ನೂ ತಡೆದುಕೊಂಡಿದ್ದಕ್ಕೆ. ವಿಯೆನ್ನಾದ ಹೆಸರುವಾಸಿ ಕೇಕು ಒಣಕಲು ಎನ್ನಿಸಿದರೂ ಬಡಿಸಿದ ಹುಡುಗಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದಳು. ಊರಿನ ಹನ್ನೆರಡು ಜನಕ್ಕೆ ಹನ್ನೆರಡು ಕಾರ್ಡು ಕೊಂಡು, ಧನ್ಯವಾದ ಬರೆಯಲು ದಿನಾ ಕೂರುತ್ತಿದ್ದಳು. ಆದರೆ ಬರೆಯುವುದೇನನ್ನು? ವಿಯೆನ್ನಾದಲ್ಲಿ ಆರ್ಗನ್ನಿನ ಮುಂದೆ ಹಗ್ಗ ಕಟ್ಟಿತ್ತು. ಪ್ರಾಗ್‌ನಲ್ಲಿ ಬೀಗ ಹಾಕಿತ್ತು. ಲೈಪ್‌ಜಿಗ್‌ನಲ್ಲಿ ಸಂಗೀತ ಕಛೇರಿ ನಡೆದಿತ್ತು, ಟಿಕೆಟ್ ಮುಗಿದಿತ್ತು. ಕಲೋನ್‌ನಲ್ಲಿ ಗೈಡು ಕೊಟ್ಟದ್ದು ನಲವತ್ತು ನಿಮಿಷ, ಅದರಲ್ಲಿ ಮೂವತ್ತು ಶೌಚಾಲಯದ ಸಾಲಿಗೇ ಹೋಯಿತು. ಪ್ರತಿ ಕಡೆ ಓರ್ಲಿನ್ ಕೆಳಗೆ ನಿಂತು ಕತ್ತೆತ್ತಿ ನೋಡಿ, “ಹ್ಞಾಂ, ಪರವಾಗಿಲ್ಲ” ಎನ್ನುತ್ತಿದ್ದ. ಹಾಲ್ವರ್ ಪ್ರೇರಿಯವರ ಬಾಯಲ್ಲಿ ‘ಪರವಾಗಿಲ್ಲ’ ಎಂದರೆ ಸ್ವರ್ಗ ಕಂಡಷ್ಟು. ಕಂಡದ್ದೇನೋ ನಿಜ, ಮುಟ್ಟುವುದು ಮಾತ್ರ ಆಗಲಿಲ್ಲ.

ಉಳಿದದ್ದು ಆಮ್‌ಸ್ಟರ್‌ಡ್ಯಾಮ್. ಕೊನೆಯ ಊರು, ಒಂದೂವರೆ ದಿನ.

ಮೊದಲ ದಿನ ಮಧ್ಯಾಹ್ನ ಕಾಲುವೆ ಪಕ್ಕದ ಒಂದು ಹಳೆಯ ಚರ್ಚಿಗೆ ಇಬ್ಬರೂ ಹೋದರು. ಒಳಗೆ ಯಾರೂ ಇರಲಿಲ್ಲ. ಹಿಂದಿನ ಗೋಡೆಯ ತುಂಬ ಆರ್ಗನ್ನು, ಮೇಲಿನ ಕೊಳವೆಗಳು ಚಾವಣಿ ಮುಟ್ಟುತ್ತಿದ್ದವು. ಓರ್ಲಿನ್ ಮುಂದಿನ ಬೆಂಚಿನ ಬೆನ್ನು ಹಿಡಿದು ನಿಂತ. ಅವನ ಬೆರಳು ಆಡತೊಡಗಿದವು. ಅಷ್ಟರಲ್ಲಿ ಸುರುಳಿ ಮೆಟ್ಟಿಲು ಇಳಿದು ಒಬ್ಬ ಹೆಂಗಸು ಬಂದಳು. ಅರವತ್ತರ ಆಸುಪಾಸು, ತಲೆಗೆ ಸೈಕಲ್ಲಿನ ಟೋಪಿ. ಅಲ್ಲಿ ಆರ್ಗನ್ ನುಡಿಸುವವಳೇ ಅವಳು, ಹನ್ನೆಕೆ. ಅವಳು ಓರ್ಲಿನ್‌ನ ಬೆರಳು ನೋಡಿದಳು.

“ನೀವು ನುಡಿಸ್ತೀರಾ?”

“ಅಯ್ಯೋ, ಏನೋ ಸ್ವಲ್ಪ. ನಮ್ಮೂರ ಮಟ್ಟಿಗೆ.”

“ಬನ್ನಿ ಮೇಲೆ, ನುಡಿಸಿ.”

ಓರ್ಲಿನ್‌ನ ಕಿವಿ ಕೆಂಪಾಯಿತು. “ಬೇಡ ಬೇಡ” ಎಂದ. “ಸುಮ್ನೆ ನಿಮಗ್ಯಾಕೆ ತೊಂದ್ರೆ.”

“ಸರಿ” ಎಂದಳು ಹನ್ನೆಕೆ. ಆರ್ಗನ್ನಿನ ಬೀಗದ ಕೈ ಜೇಬಿಗೆ ಹಾಕಿಕೊಂಡಳು. ಸೈಕಲ್ ಹತ್ತಿ ಹೋಗಿಯೇಬಿಟ್ಟಳು.

ಓರ್ಲಿನ್ ಅಲ್ಲೇ ನಿಂತಿದ್ದ. ಎರಡನೆಯ ಸಲ ಕೇಳಲು ಅವಳು ತಿರುಗಿ ಬರುತ್ತಾಳೆಂದು ಕಾದನೋ ಏನೋ. ಬಾಗಿಲಾಚೆ ಸೈಕಲ್ಲಿನ ಗಂಟೆ ಕೇಳಿಸಿತು, ದೂರವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಪರವಾಗಿಲ್ಲ” ಎಂದ ಹೋಟೆಲಿಗೆ ನಡೆಯುತ್ತ. “ಇದಕ್ಕಿಂತ ಕೆಟ್ಟದಾಗಬಹುದಿತ್ತು.”

“ಏನಾಗ್ಬಹುದಿತ್ತು?”

“ಕಾಲುವೆಗೆ ಬೀಳಬಹುದಿತ್ತು.”

ಮಾರ್ಲಿಸ್ ನಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ತನ್ನ ಊರಿನ ಮರ್ಯಾದೆಯ ಮೇಲೆ ಸಿಟ್ಟು ಬಂತು. ಮಗು ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ. ಇವನು ಮಹಾರಾಯ, ಹಾಲಿನ ಲೋಟವನ್ನೇ ತಳ್ಳಿ ಬಂದಿದ್ದ.

ಮರುದಿನ ಹನ್ನೆರಡಕ್ಕೆ ಬಸ್ಸು ವಿಮಾನ ನಿಲ್ದಾಣಕ್ಕೆ ಹೊರಡುವುದಿತ್ತು. ಬೆಳಗ್ಗೆ ಒಂಬತ್ತಕ್ಕೆ, ಓರ್ಲಿನ್ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದಾಗ, ಕಾರ್ಡು ಅಂಚೆಗೆ ಹಾಕಿ ಬರುತ್ತೇನೆಂದು ಮಾರ್ಲಿಸ್ ಹೊರಬಿದ್ದಳು. ಹೋದದ್ದು ಚರ್ಚಿಗೆ. ಹನ್ನೆಕೆ ಬಾಗಿಲ ಬಳಿ ಛತ್ರಿ ಕೊಡವುತ್ತಿದ್ದಳು.

“ಏನಾದ್ರೂ ಬೇಕಿತ್ತಾ?”

“ಇಲ್ಲಪ್ಪ, ಹಾಗೇ ಬಂದೆ. ಹವಾ ಚೆನ್ನಾಗಿದೆ ಅಲ್ವಾ ಇವತ್ತು?”

ಹನ್ನೆಕೆ ಹೊರಗೆ ನೋಡಿದಳು. “ಮಳೆ ಬರ್ತಿದೆ.”

“ಹೌದು, ಆದ್ರೆ ಜೋರಿಲ್ಲ ನೋಡಿ.” ಮಾರ್ಲಿಸ್ ಒಳಗೆ ಕತ್ತೆತ್ತಿ ನೋಡಿದಳು. “ಇಷ್ಟು ದೊಡ್ಡ ಆರ್ಗನ್ನು. ಧೂಳು ಒರೆಸೋದೇ ಒಂದು ಕೆಲ್ಸ ಇರ್ಬೇಕು.”

“ನಾನು ಒರೆಸಲ್ಲ. ನೋಡಿ, ಹನ್ನೊಂದಕ್ಕೆ ಇಲ್ಲೊಂದು ಮದುವೆ ಇದೆ. ನಿಮಗೆ ಏನು ಬೇಕು?”

ಯಾರೂ ಮಾರ್ಲಿಸ್‌ಳನ್ನು ಹೀಗೆ ಕಡ್ಡಿ ಮುರಿದಂತೆ ಕೇಳಿರಲಿಲ್ಲ. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೂ ಅವಳು ದೇವರನ್ನು ಏನೊಂದೂ ಕೇಳಿದವಳಲ್ಲ; ಓರ್ಲಿನ್ ಇದ್ದಾನಲ್ಲ ಎಂದು ಥ್ಯಾಂಕ್ಸ್ ಹೇಳಿ ಎದ್ದು ಬಂದವಳು.

“ನನ್ನ ಗಂಡ ಇದನ್ನ ನುಡಿಸ್ಬೇಕು” ಎಂದಳು.

“ನಿನ್ನೆ ಕೇಳಿದೆನಲ್ಲ. ಬೇಡ ಅಂದ್ರು.”

“ಅವರು ಬೇಡ ಅಂದ್ರೆ ಬೇಡ ಅಂತಲ್ಲ.”

“ಮತ್ತೆ ಬೇಡದೆ ಇದ್ದಾಗ ಏನಂತಾರೆ?”

“ಅವಾಗ್ಲೂ ಬೇಡ ಅಂತಾನೇ ಅಂತಾರೆ. ಮೂರು ಸಲ ಕೇಳ್ಬೇಕು. ಮೂರನೇ ಸಲಕ್ಕೆ ಗೊತ್ತಾಗುತ್ತೆ.”

ಹನ್ನೆಕೆ ಛತ್ರಿ ಮಡಿಸುವುದನ್ನು ಮರೆತು ಅವಳನ್ನೇ ನೋಡಿದಳು. “ನಿಮ್ಮೂರಲ್ಲಿ ಮದುವೆಗಳು ಹೇಗೆ ಆಗ್ತವೆ?”

“ತಡವಾಗಿ” ಎಂದಳು ಮಾರ್ಲಿಸ್. ಇಬ್ಬರೂ ನಕ್ಕರು. ಆ ನಗುವಿನ ಧೈರ್ಯದಲ್ಲಿ ಅವಳು ಉಳಿದದ್ದನ್ನೂ ಹೇಳಿದಳು: ಚರ್ಚು ಮುಚ್ಚಿದ್ದು, ಕಂಬಳಿ ಸುತ್ತಿದ ಕೊಳವೆಗಳು, ಮೇಜಿನ ಅಂಚು. ಹನ್ನೆಕೆ ಗಡಿಯಾರ ನೋಡಿ, “ಹತ್ತೂವರೆವರೆಗೆ ನಿಮ್ಮದೇ. ಹೋಗಿ ಕರ್ಕೊಂಡು ಬನ್ನಿ” ಎಂದಳು.

ಮೊಣಕಾಲಿನ ನೋವು ಮರೆತು ಮಾರ್ಲಿಸ್ ಎದ್ದೆನೋ ಬಿದ್ದೆನೋ ಎಂದು ಹೋಟೆಲಿಗೆ ಓಡಿದಳು.

“ಏಳು, ಬೂಟು ಹಾಕ್ಕೋ. ಆ ಹೆಂಗಸು ನಿನ್ನ ಕರೀತಿದಾಳೆ ನುಡಿಸೋಕೆ.”

“ಬೇಡ ಮಾರ್ಲಿಸ್, ಅವರಿಗ್ಯಾಕೆ ಸುಮ್ನೆ—”

“ಇದು ಮೊದಲನೇದು. ಎರಡನೇದನ್ನ ದಾರೀಲಿ ಹೇಳ್ಬಿಡು, ಟೈಮಿಲ್ಲ.”

ಓರ್ಲಿನ್ ಹೆಂಡತಿಯ ಮುಖ ನೋಡಿದ. ಬೂಟು ಹಾಕಿಕೊಂಡ.

ಚರ್ಚಿನ ಸುರುಳಿ ಮೆಟ್ಟಿಲು ಹತ್ತಿ ಮೇಲೆ ಹೋಗಿ ಅದೇ ಬೂಟನ್ನು ಬಿಚ್ಚಿಟ್ಟ. ಸಾಕ್ಸಿನ ಕಾಲನ್ನು ಪೆಡಲುಗಳ ಮೇಲೆ ಇಟ್ಟ. ಬೆರಳಿಗೆ ಮೂರು ಸಾಲು ಕೀಲಿಮಣೆ. ಊರಿನದರಲ್ಲಿ ಇದ್ದದ್ದು ಎರಡೇ. ಹನ್ನೆಕೆ ತನ್ನ ಚರ್ಚಿನ ಹಾಡಿನ ಪುಸ್ತಕ ತೆರೆದಿಟ್ಟಳು. ಮಾತು ಡಚ್ಚಿನದು, ಧಾಟಿ ಮಾತ್ರ ಅವನು ಚಿಕ್ಕಂದಿನಿಂದ ಬಲ್ಲದ್ದು. ಮಾರ್ಲಿಸ್ ಬಲಗಡೆ ನಿಂತಳು. ಮೊದಲ ಸ್ವರಕ್ಕೇ ಬೆರಳು ಜಾರಿತು. ಓರ್ಲಿನ್ ನಿಂತ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಶುರು ಮಾಡಿದ. ಆಮೇಲೆ ತಪ್ಪಲಿಲ್ಲ. ಗಲ್ಲ ಮೇಲೆದ್ದಿತು, ಇಳಿಯಿತು, ಅವಳು ತಿರುವಿದಳು. ಒಂದು ವರ್ಷದ ಬಳಿಕ ಆ ಗಲ್ಲ ಹಾಗೆ ಅಲ್ಲಾಡಿದ್ದನ್ನು ಕಂಡು ಅವಳಿಗೆ ಪುಸ್ತಕವೇ ಮಂಜಾಯಿತು. ಸಾಕು ದೇವರೇ, ಇಷ್ಟೇ ಕೇಳಿದ್ದು ಎಂದುಕೊಂಡಳು.

ಹಾಡು ಮುಗಿಯಿತು. “ಇನ್ನೊಂದು?” ಎಂದಳು ಹನ್ನೆಕೆ.

“ಹೂಂ” ಎಂದುಬಿಟ್ಟ ಓರ್ಲಿನ್. ಎಂದಮೇಲೆ ತಾನೇ ಬೆಚ್ಚಿದ.

ಹನ್ನೆಕೆ ಮಾರ್ಲಿಸ್ ಕಡೆ ತಿರುಗಿದಳು. “ನಿಮಗೆ? ನಿಮಗೇನಾದ್ರೂ ಬೇಕಾ?”

ಅಭ್ಯಾಸಬಲದಿಂದ ‘ನನಗೇನೂ ಬೇಡ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾರ್ಲಿಸ್ ಅದನ್ನು ಅಲ್ಲೇ ತಡೆದಳು.

“ಈ ಹಾಳೆ ನೀವು ತಿರುವ್ತೀರಾ?” ಎಂದಳು. “ನಾನು ಕೆಳಗೆ ಹೋಗಿ ಕೂತ್ಕೋತೀನಿ. ಇವನು ನುಡಿಸೋದನ್ನ ನಾನು ಕೆಳಗೆ ಕೂತು ಯಾವತ್ತೂ ಕೇಳಿಲ್ಲ.”

ಓರ್ಲಿನ್ ತಿರುಗಿ ನೋಡಿದ. “ಯಾವತ್ತೂ?”

“ನಾನು ಕೆಳಗೆ ಕೂತಿದ್ರೆ ಹಾಳೆ ಯಾರು ತಿರುವ್ತಿದ್ರು, ನಿಮ್ಮಜ್ಜಿನಾ?”

ಮದುವೆಗೆ ಮೊದಲು ಮಾರ್ಲಿಸ್ ಪಕ್ಕದ ಊರಿನ ಚರ್ಚಿನವಳು. ಮದುವೆಯಾದ ಮರುವಾರವೇ ಬಲಗಡೆಗೆ ಬಂದು ನಿಂತವಳು. ಅಲ್ಲಿ ನಿಂತವರ ಕಿವಿಗೆ ಬೀಳುವುದು ಪೆಡಲಿನ ಟಕಟಕ, ಬೆಂಚಿನ ಕಿರ್ರು, ಗಂಡನ ಏದುಸಿರು. ನಾದವೆಲ್ಲ ತಲೆಯ ಮೇಲಿಂದ ಹಾದು ಕೆಳಗೆ ಕೂತವರಿಗೆ ಹೋಗುತ್ತಿತ್ತು.

ಅವಳು ಮೆಟ್ಟಿಲ ಪಕ್ಕ ಆಸರೆಗೆ ಕಟ್ಟಿದ್ದ ಹಗ್ಗ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಹನ್ನೊಂದರ ಮದುವೆಗೆಂದು ಬೆಂಚುಗಳಿಗೆ ಬಿಳಿ ಹೂ ಕಟ್ಟಿದ್ದರು. ಹೂವಿಗೆ ತಾಗದ ಹಾಗೆ ನಡುವಿನ ಸಾಲಿಗೆ ಸರಿದು, ಪರ್ಸು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೇಲೆ ಬೆಂಚು ಕಿರ್ರೆಂದಿರಬೇಕು. ಇಲ್ಲಿಗೆ ಅದು ಕೇಳಿಸಲಿಲ್ಲ.

ಆಮೇಲೆ ನಾದ ಬಂತು. ಮೊದಲು ಕಾಲಡಿಯ ಕಲ್ಲಿನಿಂದ, ಬೆಂಚಿನ ಮರದಿಂದ, ಆಮೇಲೆ ಎಲ್ಲ ಕಡೆಯಿಂದ. ಅವಳ ಎದೆಯ ಗೂಡೇ ತುಂಬಿಹೋಯಿತು. ಊರಿನಲ್ಲಿ ಭಾನುವಾರ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಜನ ಸಾಲುಗಟ್ಟಿ ಬಂದು ಓರ್ಲಿನ್‌ನ ಕೈ ಹಿಡಿದುಕೊಳ್ಳುತ್ತಿದ್ದರು. ಕೆಲವರು ಮಾತೇ ಆಡುತ್ತಿರಲಿಲ್ಲ. ಹಂದಿ ಸಾಕುವ ಒರಟ ಮುದುಕರೂ ಕಣ್ಣು ತೇವ ಮಾಡಿಕೊಂಡು ಸುಮ್ಮನೆ ಕೈ ಹಿಡಿದು ನಿಲ್ಲುತ್ತಿದ್ದರು. ಕಾಫಿ ಆರುತ್ತದೆ ಬನ್ನಿ ಎಂದು ಅವಳು ಕರೆಯುತ್ತಿದ್ದಳು. ಏನಾಗಿದೆ ಈ ಜನಕ್ಕೆ, ಒಂದು ಹಾಡಿಗೆ ಇಷ್ಟೊಂದೇ ಎಂದುಕೊಳ್ಳುತ್ತಿದ್ದಳು.

ಹಾಡು ಮುಗಿದಾಗ ಮಾರ್ಲಿಸ್ ಎದ್ದು ಸುರುಳಿ ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ಓರ್ಲಿನ್ ಬೂಟು ಕೈಯಲ್ಲಿ ಹಿಡಿದು, ಸಾಕ್ಸಿನ ಕಾಲಿನಲ್ಲಿ ಇಳಿದು ಬಂದ.

“ಹೇಗಿತ್ತು?” ಎಂದ.

ಅವಳು ಅವನ ಇನ್ನೊಂದು ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಏನೂ ಹೇಳಲಾರದೆ ನಿಂತಳು.