ಎರಡು ಕೆಮ್ಮು, ಒಂದು ಕಡ್ಡಿ

ನಮ್ಮ ಭಾವನಿಗೆ ಎರಡು ಕೆಲಸ ಚೆನ್ನಾಗಿ ಗೊತ್ತಿತ್ತು. ಒಂದು, ಸೈಕಲ್ ಚಕ್ರದ ಸೊಟ್ಟ ತೆಗೆಯುವುದು. ಇನ್ನೊಂದು, ನಮ್ಮ ಕ್ರೈಸ್ತ ದೇವಾಲಯದಲ್ಲಿ ಹಾಡು ಎತ್ತಿಕೊಡುವುದು. ಎರಡನ್ನೂ ಅವರು ಕಣ್ಣಿಗಿಂತ ಕಿವಿಯನ್ನೇ ನಂಬಿ ಮಾಡುತ್ತಿದ್ದರು.

ಅವರ ಅಂಗಡಿ ಎರಡು ಬೀದಿ ಕೂಡುವ ಮೂಲೆಯಲ್ಲಿದೆ. ಒಳಗೆ ಎರಡು ಸೈಕಲ್ ನಿಂತರೆ ಮೂರನೆಯದಕ್ಕೆ ರಸ್ತೆಯೇ ಗತಿ. ಗೋಡೆಯ ಮೊಳೆಗಳಲ್ಲಿ ಹಳೆಯ ಟಯರುಗಳು, ಬಾಗಿಲ ಬಳಿ ಪಂಪು, ಪಂಕ್ಚರ್ ಹುಡುಕಲು ನೀರು ತುಂಬಿದ ತಗಡಿನ ಬೋಗುಣಿ. ಸೊಟ್ಟಗಾದ ಚಕ್ರ ಬಂದರೆ ಬೇರೆ ಅಂಗಡಿಯವರು ಅದನ್ನು ತಿರುಗಿಸಿ, ಎಲ್ಲಿ ಉಜ್ಜುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಭಾವ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಿದ್ದರು. ಬಿಗಿಯಾಗಿರುವ ಕಡ್ಡಿ ಟಿಣ್ ಎನ್ನುತ್ತಿತ್ತು, ಸಡಿಲವಾದದ್ದು ಡುಬ್ ಎನ್ನುತ್ತಿತ್ತು. ಚಿಕ್ಕ ಚಾವಿಯಿಂದ ಅದಕ್ಕೆ ಅರ್ಧ ಸುತ್ತು, ಇದಕ್ಕೆ ಕಾಲು ಸುತ್ತು. ಹತ್ತು ನಿಮಿಷದಲ್ಲಿ ಚಕ್ರ ನೆಟ್ಟಗೆ. ಅವರ ಕೈಯಿಂದ ಸೊಟ್ಟ ಚಕ್ರವೊಂದು ಬೀದಿಗೆ ಹೋದದ್ದನ್ನು ನಾನು ಕಾಣೆ.

ನಮ್ಮ ದೇವಾಲಯವೂ ಚಿಕ್ಕದೇ. ಅರವತ್ತು ಜನ ಕೂತರೆ ತುಂಬಿಹೋಗುತ್ತದೆ. ಮೂಲೆಯಲ್ಲಿ ಕಾಲಿನಿಂದ ತುಳಿದು ನುಡಿಸುವ ದೊಡ್ಡ ಮರದ ಹಾರ್ಮೋನಿಯಂ ಇದೆ. ಅದರ ಗಾಳಿಯೂದುವ ತಿದಿಯನ್ನು ಇಲಿಗಳು ತಿಂದು ಮುಗಿಸಿ ಎಷ್ಟು ವರ್ಷವಾಯಿತೋ ಯಾರಿಗೂ ನೆನಪಿಲ್ಲ. ರಿಪೇರಿ ಮಾಡಿಸುವ ಮಾತು ಬಂದಾಗಲೆಲ್ಲ ಹಿರಿಯರು, "ಇವರ ಗಂಟಲು ಇರೋವಾಗ ಪೆಟ್ಟಿಗೆ ಯಾಕೆ?" ಎಂದು ಭಾವನ ಕಡೆ ನೋಡುತ್ತಿದ್ದರು. ಮೂವತ್ತೆಂಟು ವರ್ಷ ಆ ಗಂಟಲೇ ನಮ್ಮ ವಾದ್ಯ. ಪಾದ್ರಿ ಅಯ್ಯನವರು ಹಾಡು ಯಾವುದೆಂದು ಹೇಳುವರು. ಭಾವ ಎರಡನೆಯ ಸಾಲಿನ ಬೆಂಚಿನಲ್ಲಿ ಕೂತಲ್ಲೇ ಎರಡು ಸಲ ಕೆಮ್ಮುವರು, ಹ್ಞುಂ, ಹ್ಞುಂ ಎಂದು, ಬಾಗಿಲು ತಟ್ಟಿದ ಹಾಗೆ. ಆ ಕೆಮ್ಮಿಗೆ ಇಡೀ ಸಭೆ ಎದ್ದು ನಿಲ್ಲುವುದು. ಆಮೇಲೆ ಅವರು ಮೊದಲ ಸಾಲು ಎತ್ತಿಕೊಡುವರು, ನಾವು ಹಿಂಬಾಲಿಸುವೆವು. ಯಾವ ಹಾಡನ್ನು ಎಲ್ಲಿಂದ ಎತ್ತಿದರೆ ಮುದುಕರಿಗೂ ಮಕ್ಕಳಿಗೂ ನಿಲುಕುತ್ತದೆ ಎನ್ನುವುದು ಅವರಿಗೆ ಮಾತ್ರ ಗೊತ್ತಿತ್ತು. ನಮಗೆ ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

"ಮನೇಲಿ ಜೋಗುಳಕ್ಕೂ ಎರಡು ಸಲ ಕೆಮ್ಮಿಯೇ ಶುರು ಮಾಡೋರು ಕಣೇ," ಎನ್ನುತ್ತಿದ್ದಳು ನನ್ನಕ್ಕ. "ಮಗು ಹಾಡಿನವರೆಗೂ ಕಾಯ್ತಾನೇ ಇರ್ಲಿಲ್ಲ, ಕೆಮ್ಮಿಗೇ ನಿದ್ದೆ ಹೋಗ್ತಿತ್ತು."

ಅಂಥ ಗಂಟಲು ಒಂದು ವರ್ಷ ಒರಟಾಯಿತು. ಧೂಳು ಎಂದರು, ನೆಗಡಿ ಎಂದರು, ಬಿಸಿನೀರು ಕುಡಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿತ್ತು.

"ಪೂರ್ತಿ ತೆಗೀಬೇಕು," ಎಂದರು. "ತೆಗೆದ್ರೆ ನೀವು ಉಳೀತೀರಿ, ಧ್ವನಿ ಉಳಿಯಲ್ಲ."

ಭಾವ ತಮ್ಮ ಎಣ್ಣೆಗಪ್ಪು ಉಗುರುಗಳನ್ನು ನೋಡಿಕೊಂಡರು. ಆಮೇಲೆ ಕೇಳಿದರು: "ಯಾವತ್ತು?"

"ಮಂಗಳವಾರ."

"ಹಾಗಾದ್ರೆ ಇನ್ನೂ ಒಂದು ಭಾನುವಾರ ಇದೆ."

ಆ ಭಾನುವಾರ ಐದು ಹಾಡುಗಳನ್ನೂ ಅವರೇ ಎತ್ತಿಕೊಟ್ಟರು. ಧ್ವನಿ ಮರಳಿನ ಮೇಲೆ ಎಳೆದ ಹಲಗೆಯಂತಿತ್ತು, ಆದರೆ ಎತ್ತಿದ ಜಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ. ಸಭೆಯಲ್ಲಿ ಅಳದಿದ್ದವಳು ಅಕ್ಕ ಒಬ್ಬಳೇ. ಆಮೇಲೆ ಕೇಳಿದ್ದಕ್ಕೆ, "ನಾನು ಅತ್ತಿದ್ರೆ ಅವರ ಶ್ರುತಿ ಹೋಗ್ತಿತ್ತು," ಎಂದಳು.

ಶಸ್ತ್ರಚಿಕಿತ್ಸೆ ಆಯಿತು. ಈಗ ಅವರು ಉಸಿರಾಡುವುದು ಕೊರಳಿನ ಬುಡದಲ್ಲಿರುವ ಒಂದು ರಂಧ್ರದಿಂದ. ಅದರ ಮೇಲೆ ಅಕ್ಕ ಹೊಲಿದ ತೆಳು ಬಟ್ಟೆ ಕಟ್ಟಿಕೊಳ್ಳುತ್ತಾರೆ. ಕಫ ಬಂದರೂ ಕೆಮ್ಮು ಬಂದರೂ ಅಲ್ಲಿಂದಲೇ. ಅಂಗಡಿಯಲ್ಲಿ ಯಾರ ಸೈಕಲ್ಲಿಗೆ ಏನಾಗಿದೆ ಎಂದು ಬರೆದಿಡುತ್ತಿದ್ದ ಸ್ಲೇಟೇ ಅವರ ಬಾಯಾಯಿತು.

ಮೊದಮೊದಲು ನಗೆಗೇನೂ ಬರವಿರಲಿಲ್ಲ. "ಮೂವತ್ತೊಂದು ವರ್ಷ ಸಂಸಾರ ಮಾಡಿದ ಮೇಲೆ ಈಗ ಕೊನೇ ಮಾತು ನನ್ನದು!" ಎಂದು ಅಕ್ಕ ಛೇಡಿಸಿದರೆ, ಭಾವ ಸ್ಲೇಟಿನಲ್ಲಿ ಬರೆದು ತೋರಿಸಿದ್ದು: ಮೊದಲೂ ನಿನ್ನದೇ.

ಎರಡು ತಿಂಗಳ ನಂತರ ಅವರು ದೇವಾಲಯಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಿಗೆ ಹೊಸ ಬಟ್ಟೆ. ಅದೇ ಎರಡನೆಯ ಸಾಲು, ಅದೇ ಜಾಗ. ಅಯ್ಯನವರು ಮುಂದಿನ ಹಾಡು ಯಾವುದೆಂದು ಮೊದಲೇ ಹೇಳಿ, ಬೈಬಲಿನಿಂದ ವೇದಪಾಠ ಓದಲು ನಿವೃತ್ತ ಮೇಷ್ಟ್ರನ್ನು ಕರೆದರು. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ನಾಲ್ಕು ಸಾಲು ಓದಿದ್ದರಷ್ಟೆ. ಭಾವನಿಗೆ ಕಫ ಬಂತು. ತಡೆಯಲು ನೋಡಿದರು, ಆಗಲಿಲ್ಲ. ಕೊರಳಿನಿಂದ ಎರಡು ಕೆಮ್ಮು ಹೊರಟವು.

ಇಡೀ ಸಭೆ ಎದ್ದು ನಿಂತಿತು.

ನಿಂತಿದ್ದಷ್ಟೇ ಅಲ್ಲ, ಹಾಡಲು ಶುರುಮಾಡಿತು! ಮೂವತ್ತೆಂಟು ವರ್ಷದ ಅಭ್ಯಾಸ ಕಾಲಿಗೂ ಬಾಯಿಗೂ ಹತ್ತಿತ್ತು, ತಲೆಯನ್ನು ಕೇಳಿದವರು ಯಾರು? ಆದರೆ ಎತ್ತಿಕೊಡುವವರಿಲ್ಲ. ಒಬ್ಬರ ಧ್ವನಿ ಆಕಾಶದಲ್ಲಿ, ಇನ್ನೊಬ್ಬರದು ಪಾತಾಳದಲ್ಲಿ. ಮೇಷ್ಟ್ರು ತೆರೆದ ಬಾಯಿ ತೆರೆದ ಹಾಗೇ ನಿಂತರು. ಅರ್ಧ ಸಾಲಿಗೆ ಹಾಡು ಚೂರುಚೂರಾಗಿ ಉದುರಿಹೋಯಿತು. ಮುಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ತಡೆಯಲಾಗಲಿಲ್ಲ, ಬಂದುಬಿಟ್ಟಿತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಭಾವ ಬಟ್ಟೆಯನ್ನು ಕೊರಳಿಗೆ ಒತ್ತಿ ಹಿಡಿದು, ಯಾರನ್ನೂ ನೋಡದೆ, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು.

ಆಮೇಲೆ ಹನ್ನೊಂದು ಭಾನುವಾರ ಅವರು ಬರಲಿಲ್ಲ. ಅಕ್ಕ ಒಬ್ಬಳೇ ಬಂದು ಎರಡನೆಯ ಸಾಲಿನಲ್ಲಿ, ಅವರ ಜಾಗ ಬಿಟ್ಟು ಕೂರುತ್ತಿದ್ದಳು. ಕೆಮ್ಮನ್ನು ತಮಗೆ ತಡೆಯಲಾಗದು, ಕೆಮ್ಮಿದರೆ ಸಭೆ ಎದ್ದು ನಿಲ್ಲುತ್ತದೆ, ಎದ್ದು ನಿಂತವರಿಗೆ ಕೊಡಲು ತಮ್ಮ ಬಳಿ ಏನೂ ಇಲ್ಲ ಎನ್ನುವುದು ಅವರ ಕೊರಗು. ಜೋಕು ಬರೆಯುವುದೂ ನಿಂತಿತು. ನಾನು ಅಂಗಡಿಗೆ ಹೋಗಿ ಬೋಗುಣಿಯ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತು ಬರುತ್ತಿದ್ದೆ. ಮಾತಾಡದವರ ಜೊತೆ ಕೂರುವುದೂ ಒಂದು ಮಾತೇ.

ಒಂದು ಸಂಜೆ ಮನೆಯ ಪ್ರಾರ್ಥನೆಯ ಹೊತ್ತಿಗೆ ನಾನೂ ಅಲ್ಲಿದ್ದೆ. ಅಕ್ಕ ಸ್ಲೇಟನ್ನು ಅವರ ಕೈಗಿಟ್ಟು, "ಇವತ್ತು ನೀವು ಪ್ರಾರ್ಥನೆ ಮಾಡ್ರೀ," ಎಂದಳು. ಭಾವ ಬಳಪ ಹಿಡಿದರು. ಅಕ್ಷರ ಒತ್ತಿ ಒತ್ತಿ ಬರೆದರು: ನೀನು ನನಗೆ ಕೊಟ್ಟದ್ದು ಒಂದೇ. ಅದನ್ನೇ ವಾಪಸ್ ಕೇಳಿದೆ.

ಬರೆದವರೇ ಹೆದರಿ, ಅಳಿಸಲು ಅಂಗೈ ಎತ್ತಿದರು. ಅಕ್ಕ ಆ ಕೈ ಹಿಡಿದಳು.

"ಅಳಿಸ್ಬೇಡಿ. ಇದೂ ಪ್ರಾರ್ಥನೆನೇ. ಅವನಿಗೆ ಹೇಳದೆ ಇನ್ಯಾರಿಗೆ ಹೇಳ್ತೀರಿ?"

ಸ್ಲೇಟನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮುಂದೆ ತಲೆಬಾಗಿ, ಗಟ್ಟಿಯಾಗಿ "ಆಮೆನ್" ಎಂದಳು. ನಾನೂ ಅಂದೆ. ಭಾವನ ತುಟಿಗಳೂ ಅಲುಗಿದವು. ಉದ್ದುದ್ದ ಪ್ರಾರ್ಥನೆಗಳನ್ನು ನಾನು ಬಹಳ ಕೇಳಿದ್ದೇನೆ. ಅಷ್ಟು ನಿಜವಾದದ್ದನ್ನು ಕೇಳಿದ ನೆನಪಿಲ್ಲ.

ಇತ್ತ ದೇವಾಲಯದಲ್ಲಿ ಹಾಡು ಎತ್ತುವ ಕೆಲಸ ಬೇಕರಿಯವರ ಪಾಲಿಗೆ ಬಂದಿತ್ತು. ಒಳ್ಳೆಯ ಮನುಷ್ಯ, ಒಲೆಯಷ್ಟೇ ದೊಡ್ಡ ಎದೆ. ಆದರೆ ಎಲ್ಲ ಹಾಡನ್ನೂ ಮೇಲಿನಿಂದಲೇ ಎತ್ತುತ್ತಿದ್ದರು. ಎರಡನೆಯ ಚರಣಕ್ಕೆ ಹೆಂಗಸರು ಬಾಯಿ ಮುಚ್ಚುತ್ತಿದ್ದರು, ಮೂರನೆಯದಕ್ಕೆ ಬೇಕರಿಯವರೂ. ಒಂದು ಭಾನುವಾರ ಮಧ್ಯಾಹ್ನ ಅಕ್ಕ ಅಂಗಡಿಯ ಬಾಗಿಲಲ್ಲೇ ನಿಂತು ದೂರಿಕೊಂಡಳು.

"ಇವತ್ತಂತೂ ಏಣಿ ಇಲ್ಲದೆ ಅಟ್ಟ ಹತ್ತಿದ ಹಾಗಾಯ್ತು ಕಣ್ರೀ! ಹತ್ತಿಸಿದವರಿಗೂ ಇಳಿಯೋಕೆ ಬರ್ಲಿಲ್ಲ."

ಭಾವ ತೊಡೆಯ ಮೇಲಿದ್ದ, ಅಂಗಡಿಯದೇ ಹಳೆಯ ಚಕ್ರವನ್ನು ಬಿಡದೆ ಸ್ಲೇಟಿಗೆ ಕೈಚಾಚಿದರು. ಎಲ್ಲಿಂದ ಎತ್ತಿದ?

ಅಕ್ಕ ಗುನುಗಿ ತೋರಿಸಿದಳು. ಭಾವನ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. ತಲೆಯಾಡಿಸಿ, ಒಂದು ಕಡ್ಡಿಯನ್ನು ಮೀಟಿದರು. ಟಿಣ್. ಅಲ್ಲ ಎನ್ನುವಂತೆ ಅದರ ಪಕ್ಕದ್ದನ್ನು ಮೀಟಿದರು. ಅದೂ ಅಲ್ಲ. ಚಾವಿ ತೆಗೆದುಕೊಂಡು ಒಂದು ಕಡ್ಡಿಗೆ ಕಾಲು ಸುತ್ತು ಕೊಟ್ಟು ಮತ್ತೆ ಮೀಟಿ, ಅಕ್ಕನ ಕಡೆ ಬೆರಳು ತೋರಿಸಿದರು. ಹಾಡು.

ಅಕ್ಕ ಆ ಧ್ವನಿ ಹಿಡಿದು ಮೊದಲ ಸಾಲು ಹಾಡಿದಳು. ಹಾಡು ತನ್ನ ಮನೆಯೊಳಗೆ ಚಪ್ಪಲಿ ಬಿಟ್ಟು ಕೂತ ಹಾಗೆ ಕೂತಿತು. ಅಕ್ಕ ನಿಲ್ಲಿಸಲಿಲ್ಲ, ನಾಲ್ಕೂ ಚರಣ ಹಾಡಿದಳು. ಪಂಕ್ಚರ್ ಹಾಕಿಸಲು ಬಂದವರೊಬ್ಬರು ರಸ್ತೆಯಲ್ಲೇ ನಿಂತು ಕೇಳಿದರು. ಭಾವ ಕಣ್ಣು ಮುಚ್ಚಿಕೊಂಡಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಮುಖದಲ್ಲಿ ನಾನು ಕಂಡ ಮೊದಲ ಸಂತೋಷ ಅದು.

ಆ ವಾರವೆಲ್ಲ ಅವರು ಅದೇ ಚಕ್ರದ ಮುಂದೆ ಕೂತರು. ನಾಲ್ಕು ಕಡ್ಡಿಗಳನ್ನು ನಾಲ್ಕು ಶ್ರುತಿಗೆ ಬಿಗಿದರು. ಯಾವುದು ಯಾವುದೆಂದು ತಿಳಿಯಲು ಅಕ್ಕ ನಾಲ್ಕಕ್ಕೂ ನಾಲ್ಕು ಬಣ್ಣದ ನೂಲು ಕಟ್ಟಿದಳು. ಹಾಗೆ ಎಳೆದಾಡಿದ್ದಕ್ಕೆ ಚಕ್ರ ಸೊಟ್ಟಗಾಯಿತು, ಇನ್ನು ರಸ್ತೆಗೆ ಬಾರದಷ್ಟು ಸೊಟ್ಟ. ಜೀವಮಾನವಿಡೀ ಸೊಟ್ಟ ತೆಗೆದವರು ಬೇಕೆಂದೇ ಮಾಡಿದ ಸೊಟ್ಟ ಅದೊಂದೇ.

ಆದರೆ ಅದನ್ನು ದೇವಾಲಯಕ್ಕೆ ತರುವ ಮಾತಿಗೆ ಅವರು ಒಪ್ಪಲಿಲ್ಲ. ಸ್ಲೇಟಿನಲ್ಲಿ ಬರೆದ ಕಾರಣವೂ ಸರಿಯೇ: ಮೂರನೇ ಸಾಲಿಗೂ ಕೇಳಿಸಲ್ಲ. ಮತ್ತೆ ನಗೆಪಾಟಲು.

ಅಷ್ಟರಲ್ಲಿ ಅಯ್ಯನವರು ತಮ್ಮ ಸೈಕಲ್ ತಳ್ಳಿಕೊಂಡು ಬಂದರು. ಹಿಂದಿನ ಟಯರಿನಲ್ಲಿ ಗಾಳಿಯಿರಲಿಲ್ಲ. ಆರಾಧನೆಗೆ ಬನ್ನಿ ಎಂದು ಅವರು ಒಂದು ಮಾತೂ ಆಡಲಿಲ್ಲ. ಭಾವ ಕಡ್ಡಿಯೊಂದನ್ನು ಬಿಗಿಯುವುದನ್ನು ನೋಡಿ ಮಾತ್ರ ಅವರಿಗೆ ತಡೆಯಲಾಗಲಿಲ್ಲ.

"ನೋಡಿ, ಒಂದು ಕಡ್ಡಿ ಮುರಿದ್ರೆ ಉಳಿದವು ಭಾರ ಹೊರುತ್ತವೆ. ನಮ್ಮ ಸಭೆಯೂ ಹಾಗೇ ಅಲ್ವಾ?"

ಭಾವ ಬರೆದು ತೋರಿಸಿದರು: ಅಯ್ಯಾ, ಇದು ಬರೀ ಸೈಕಲ್ಲು.

ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವಾಗ ಹೇಳಿದರು: "ಆ ಹಳೇ ಹಾರ್ಮೋನಿಯಂ ಇದೆಯಲ್ಲ, ಗುಜರಿಗೆ ಹಾಕೋಣ ಅಂತಿದ್ದಾರೆ. ಮರ ಚೆನ್ನಾಗಿದೆ. ಬಿಸಾಡೋ ಮುಂಚೆ ನೀವೊಮ್ಮೆ ನೋಡ್ತೀರಾ?"

ರಿಪೇರಿಯ ಮಾತು ಎತ್ತಿದರೆ ಭಾವ ಇಲ್ಲವೆನ್ನಲಾರರು. ಶನಿವಾರ ಬೆಳಿಗ್ಗೆ ನಾನು ದೇವಾಲಯ ಗುಡಿಸಲು ಹೊರಟಾಗ ಜೊತೆಗೆ ಬಂದರು. ಸಲಕರಣೆಯ ಚೀಲ ಅವರ ಹೆಗಲಲ್ಲಿ, ಆ ಚಕ್ರ ನನ್ನ ಕೈಯಲ್ಲಿ. "ಯಾಕೆ?" ಎಂದು ಅವರು ಹುಬ್ಬಿನಲ್ಲೇ ಕೇಳಿದರು. "ಸುಮ್ನೆ, ಭಾವ. ಒಂದು ಸಲ ಅಲ್ಲಿ ಮೀಟಿ ನೋಡೋಣ," ಎಂದೆ. ನಕ್ಕಿದ್ದ ತಪ್ಪು ನನ್ನ ಮೇಲಿತ್ತಲ್ಲ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಇಲಿಗಳ ಗೂಡು, ತಿದಿಯ ಚಿಂದಿ. ಅದನ್ನೆಲ್ಲ ಎತ್ತಿ ಹೊರಗೆ ಹಾಕಿದೆವು. ಉಳಿದದ್ದು ಬರೀ ಟೊಳ್ಳು ಮರ. ಇನ್ನೇನೂ ಆಗದು ಎಂದು ಭಾವ ಕೈ ಆಡಿಸಿ, ಮುಚ್ಚಳ ಹಾಕಿ, ಚಕ್ರವನ್ನು ಅದರ ಮೇಲೆ ಅಡ್ಡಲಾಗಿ ಇಟ್ಟು ಹಿಡಿದರು. ಚಕ್ರದ ನಡುವಿನ ಅಚ್ಚಿನ ತುದಿ ಮರಕ್ಕೆ ಒತ್ತಿತ್ತು. ಬೇಸರಕ್ಕೆ ಕೆಂಪು ನೂಲಿನ ಕಡ್ಡಿಯನ್ನು ಮೀಟಿದರು.

ಪೆಟ್ಟಿಗೆ ಹಾಡಿತು.

ಅಂಗಡಿಯಲ್ಲಿ ಟಿಣ್ ಎನ್ನುತ್ತಿದ್ದದ್ದು ಇಲ್ಲಿ ತುಂಬಿ, ದುಂಡಗಾಗಿ, ಗೋಡೆಗೆ ಹೋಗಿ ಬಂತು. ನಾನು ಪೊರಕೆ ಬಿಟ್ಟು ಕೊನೆಯ ಬೆಂಚಿಗೆ ಓಡಿದೆ. "ಕೇಳಿಸ್ತಿದೆ ಭಾವ! ಇಲ್ಲಿಗೂ ಕೇಳಿಸ್ತಿದೆ!" ಭಾವ ಬಿಳಿ ನೂಲು ಮೀಟಿದರು, ಹಸಿರು ಮೀಟಿದರು. ಆಮೇಲೆ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿ ನಿಂತುಬಿಟ್ಟರು. ಭುಜಗಳು ಅಲುಗುತ್ತಿದ್ದವು. ನಾನು ಹತ್ತಿರ ಹೋಗಲಿಲ್ಲ. ಆ ಹೊತ್ತು ಅವರು ಮಾತಾಡುತ್ತಿದ್ದದ್ದು ನನ್ನ ಜೊತೆಯಲ್ಲ.

ಮರುದಿನ ಅವರು ಬಂದರು. ಎರಡನೆಯ ಸಾಲಿನಲ್ಲಿ ಕೂರಲಿಲ್ಲ. ಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಹಾಕಿಕೊಂಡರು, ಚಕ್ರವನ್ನು ಮುಚ್ಚಳದ ಮೇಲೆ ಹಿಡಿದುಕೊಂಡರು. ಸಭೆಯಲ್ಲಿ ಪಿಸುಮಾತು ಓಡಿತು. "ದೇವಾಲಯದಲ್ಲೂ ಅಂಗಡಿ ತೆಗೆದ್ರಾ?" ಎಂದು ಬೇಕರಿಯವರು ಮೆಲ್ಲಗೆ ಕೇಳಿದರೆ, ಅಕ್ಕ ತಿರುಗದೆಯೇ, "ಹೂಂ, ನಿಮ್ಮ ಶ್ರುತಿಯ ಸೊಟ್ಟ ತೆಗೆಯೋಕೆ," ಎಂದಳು.

ಅಯ್ಯನವರು ಹಾಡು ಯಾವುದೆಂದು ಹೇಳಿದರು. ಭಾವನ ಬೆರಳು ಕೆಂಪು ನೂಲಿನ ಮೇಲಿತ್ತು. ಆದರೆ ಮೀಟಲಿಲ್ಲ. ಸಭೆ ಇನ್ನೂ ಕೂತೇ ಇತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದು ಬಿಗಿದಳು.

ಆಗ ಭಾವ ಕೊರಳಿನ ಬಟ್ಟೆಯನ್ನು ನೆಟ್ಟಗೆ ಮಾಡಿಕೊಂಡು, ಬೇಕೆಂದೇ, ಎಲ್ಲರಿಗೂ ಕೇಳುವಂತೆ ಕೆಮ್ಮಿದರು. ಗಾಳಿಯ ಒರಟು ಸದ್ದು. ಒಂದು ಸಲ. ಇನ್ನೊಂದು ಸಲ.

ಇಡೀ ಸಭೆ ಎದ್ದು ನಿಂತಿತು. ಈ ಸಲ ಯಾರೂ ಆತುರಪಡಲಿಲ್ಲ. ಭಾವ ಕಡ್ಡಿಯನ್ನು ಮೀಟಿದರು. ಪೆಟ್ಟಿಗೆ ಆ ಧ್ವನಿಯನ್ನು ನಮ್ಮ ಕೈಗೆ ಕೊಟ್ಟಿತು, ನಾವು ಹಿಡಿದೆವು. ಮುದುಕರಿಗೂ ನಿಲುಕಿತು, ಮಕ್ಕಳಿಗೂ ನಿಲುಕಿತು. ಬೇಕರಿಯವರು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು, ಒಂದು ಸಲವೂ ಅಟ್ಟ ಹತ್ತಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಮಾತ್ರ ಹಾಡಲಿಲ್ಲ. ಎಷ್ಟೋ ತಿಂಗಳಿನಿಂದ ಕಟ್ಟಿಟ್ಟಿದ್ದ ಅಳುವನ್ನೆಲ್ಲ ಆವತ್ತು ಬಿಟ್ಟಳು, ಅದಕ್ಕೆ ಯಾರ ಶ್ರುತಿಯೂ ಹೋಗಲಿಲ್ಲ.

ಇದಾಗಿ ಆರು ವರ್ಷ. ಸಿರಿವಂತ ಸಭೆಯೊಂದರವರು ನಮಗೆ ಹೊಸ ವಾದ್ಯ ಕೊಡುತ್ತೇವೆಂದು ಬಂದಿದ್ದರು. ನಮ್ಮ ಹಿರಿಯರು ಕೈಮುಗಿದು, "ನಮ್ಮದು ಚೆನ್ನಾಗಿ ನಡೀತಾ ಇದೆ," ಎಂದು ಕಳಿಸಿದರು. ಅಂಗಡಿಯೂ ನಡೆಯುತ್ತಿದೆ. ಆವತ್ತು ಮೇಜಿನ ಮೇಲೆ ನಿಲ್ಲಿಸಿದ ಸ್ಲೇಟಿನ ಮಾತನ್ನು ಭಾವ ಮರೆತಿಲ್ಲ. ಅದಕ್ಕೆ ಉತ್ತರ ಸಿಕ್ಕಿತೇ ಎಂದು ನಾನೊಮ್ಮೆ ಕೇಳಿದೆ. ಅವರು ಬರೆದರು: ವಾಪಸ್ ಕೇಳಲಿಲ್ಲ. ಜಾಗ ಬದಲಾಯಿಸಿದ.

ಹೊಸದಾಗಿ ಬಂದವರು ಈಗಲೂ ಬೆರಗಾಗುತ್ತಾರೆ. ಹೋದ ವಾರ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಕಿವಿಯಲ್ಲಿ ಕೇಳಿದರು.

"ಇದೇನ್ರೀ, ಯಾರೋ ಕೆಮ್ಮಿದ್ರೆ ಎಲ್ಲರೂ ಎದ್ದು ನಿಲ್ತೀರಲ್ಲ?"

"ಯಾರೋ ಅಲ್ಲಮ್ಮ," ಎಂದೆ. "ಅವರು ನಮ್ಮ ಭಾವ. ಏಳಿ, ಹಾಡು ಶುರುವಾಗುತ್ತೆ."