ನಾನು ಬೇಯಿಸಿದ ಕಂಬಳಿಗಳು

ಎಂಬತ್ತರ ದಶಕದ ಮೊದಲಲ್ಲಿ ನಾನು ಸಿರಾದ ಒಂದು ಸಣ್ಣ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಗೌಡಗೆರೆ ಕಡೆಯ ಕುರಿ ಸಾಕುವ ಮನೆಗಳ ಹನ್ನೆರಡು ಹೆಂಗಸರು ಉಣ್ಣೆ ನೂತು, ಸಂಘದ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ದಲ್ಲಾಳಿಗಳಿಲ್ಲದೆ ಅವನ್ನು ನೇರವಾಗಿ ಬೆಂಗಳೂರಿನ ಅಂಗಡಿಗೆ ತಲುಪಿಸಿ, ಅವರಿಗೆ ನ್ಯಾಯವಾದ ಬೆಲೆ ಕೊಡಿಸುವುದಷ್ಟೇ ನನ್ನ ಕೆಲಸ. ಆದರೆ ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ಅವರನ್ನೆಲ್ಲ ಉದ್ಧಾರ ಮಾಡಲು ಬಂದವಳೆಂದೇ ತಿಳಿದಿದ್ದೆ.

ಮೊದಲ ಆರ್ಡರಿನ ಇಪ್ಪತ್ತು ಕಂಬಳಿ ಸಿದ್ಧವಾದವು. ಮೂಗಿನ ಹತ್ತಿರ ಹಿಡಿದೆ. ಕುರಿಯ ವಾಸನೆ. ಪೇಟೆಯವರು ಇದನ್ನು ಹೊದೆಯುವುದುಂಟೇ? ಬೆಲ್ಲ ಕಾಯಿಸುವ ಕೊಪ್ಪರಿಗೆ ತರಿಸಿ, ನೀರು ಕುದಿಸಿ, ವಾಷಿಂಗ್ ಸೋಡಾ ಸುರಿದೆ.

ಹೆಂಗಸರಲ್ಲೆಲ್ಲ ಹಿರಿಯಳಾದ ಅಜ್ಜಿ ಕೈ ಅಡ್ಡ ಹಿಡಿದಳು. "ಬ್ಯಾಡ ಕಣಮ್ಮ. ತಣ್ಣೀರ್ನಾಗೆ ಜಾಲಾಡಿ ಗಾಳಿಗಾಕುದ್ರೆ ವಾಸ್ನೆ ಓಯ್ತದೆ."

"ಇದು ರಸಾಯನಶಾಸ್ತ್ರ, ಅಜ್ಜಿ" ಎಂದು ಜಿಡ್ಡು, ಕ್ಷಾರ ಅಂತ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಒಬ್ಬಳು ಆಕಳಿಸಿದಳು. ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಇಪ್ಪತ್ತನ್ನೂ ಮುಳುಗಿಸಿ, ದೊಣ್ಣೆಯಿಂದ ಚೆನ್ನಾಗಿ ಬಡಿದೆ.

ಹೊರಗೆ ತೆಗೆದಾಗ ವಾಸನೆ ಹೋಗಿತ್ತು. ಜೊತೆಗೆ ಅರ್ಧ ಕಂಬಳಿಯೂ ಹೋಗಿತ್ತು. ಕುಗ್ಗಿಹೋದ ಒಂದನ್ನು ಅಜ್ಜಿ ಹೊದ್ದು ನೋಡಿದಳು. ಬೆನ್ನು ಮುಚ್ಚಿದರೆ ಹೊಟ್ಟೆ ಕಾಣುತ್ತಿತ್ತು. "ಇದನ್ನ ಯಾರಿಗೆ ಹೊದುಸ್ತೀಯಮ್ಮ, ಮೊಲಕ್ಕಾ?" ಎಂದಳು. ಎಲ್ಲರೂ ನಕ್ಕರು. ಆಮೇಲೆ, ಎಷ್ಟು ತಿಂಗಳ ದುಡಿಮೆ ಅದು ಅಂತ ನೆನಪಾಗಿ, ಯಾರೂ ನಗಲಿಲ್ಲ.

ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ. ನನ್ನೂರು ಮಧುಗಿರಿಗೆ ಓಡಿಹೋಗೋಣ ಅಂತ ಬಸ್ಸಿಗೂ ಹೋದೆ. ಬಸ್ಸು ಹೊರಟುಹೋಗಿತ್ತು. ನಾನು ಧೈರ್ಯವಂತೆಯಾಗಿ ಉಳಿದಿದ್ದು ಹೀಗೆ.

ವಾಪಸು ಬಂದಾಗ ಅಜ್ಜಿ ಕುರಿ ಕತ್ತರಿಯಲ್ಲಿ ಒಂದು ಕಂಬಳಿಯನ್ನು ಕತ್ತರಿಸುತ್ತಿದ್ದಳು. "ನೋಡು, ದಪ್ಪಗಾಗೈತೆ. ಕತ್ರಿಸುದ್ರೂ ಎಳೆ ಬಿಡ್ತಿಲ್ಲ. ಚೀಲ ಹೊಲಿಯಾನ." ಹದಿನೈದು ದಿನ ಎಲ್ಲರೂ ಕೂತು ಹೊಲಿದರು, ಅಂಚಿಗೆ ಕೆಂಪು ದಾರ ಹಾಕಿದರು. ನಾನು ಸೂಜಿಗೆ ದಾರ ಪೋಣಿಸಿಕೊಟ್ಟೆ.

ಅಜ್ಜಿಯನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದೆ. ಅಂಗಡಿಯ ಒಡತಿ ಚೀಲಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಷ್ಟು ಚೆನ್ನಾಗಿದೆ! ಯಾರ ಐಡಿಯಾ?"

ನಾನು ಗಂಟಲು ಸರಿಮಾಡಿಕೊಂಡೆ. "ನಾವು ಉಣ್ಣೆಯ ಮೇಲೆ ಒಂದು ಪ್ರಯೋಗ..."

"ಪ್ರಯೋಗ ಏನಲ್ಲ ಕಣಮ್ಮ, ಈವಮ್ಮ ಕಂಬ್ಳೀನ ಬೇಯಿಸ್ಬುಟ್ಲು" ಎಂದಳು ಅಜ್ಜಿ.

ಒಡತಿ ಕಣ್ಣೀರು ಬರುವಷ್ಟು ನಕ್ಕಳು. ಕಂಬಳಿಗೆ ಮೂರು ತಿಂಗಳು ಕಾಯುತ್ತೇನೆಂದಳು. ಬೇಯಿಸಿದ ಚೀಲ ಇನ್ನೂ ನಲವತ್ತು ಬೇಕೆಂದಳು.

ಸಂಘಕ್ಕೆ ಮರಳಿ ಸೋಡಾದ ಅಳತೆ ಬರೆದುಕೊಡಲು ಕೂತೆ. ಅಜ್ಜಿ ನನ್ನ ಕೈಯಿಂದ ಹಾಳೆ ಕಿತ್ತುಕೊಂಡಳು. "ನೀನು ಅಂಗ್ಡೀಗೆ ಕಾಗ್ದ ಬರಿ. ಬೇಯ್ಸಾದು ನಾವು ನೋಡ್ಕಂತೀವಿ."

ಒಂಬತ್ತು ವರ್ಷ ಕಾಗದ ಬರೆದೆ. ನಡುವೆ ಹಟ ಹಿಡಿದು ನೂಲುವುದನ್ನೂ ಕಲಿತೆ. ನಾನು ನೂತ ಎಳೆ ಯಾವ ಕಂಬಳಿಗೂ ಸೇರಲಿಲ್ಲ; ಬಹಳ ಗಟ್ಟಿಯಾಗಿದೆ ಎಂದು ಹೊಗಳಿ, ಸೌದೆ ಹೊರೆ ಕಟ್ಟಲು ಒಯ್ದರು.