ಬೈಂಡ್ ಹಾಕಿದ ಸ್ಪ್ಯಾನಿಷ್ ಪುಸ್ತಕಗಳು

ಹೋದ ವರ್ಷ ಅಕ್ಟೋಬರ್ ತಿಂಗಳಿಂದ ಮಾರ್ಚ್ ತನಕ ನಾನು ದೋಹಾದಲ್ಲಿ ಮಗನ ಮನೆಯಲ್ಲಿದ್ದೆ. ಅವರ ಫ್ಲ್ಯಾಟು ಅಲ್ ಸದ್ದ್‌ನಲ್ಲಿ, ಏಳನೇ ಮಾಳಿಗೆ. ಮಗನಿಗೆ ವೆಸ್ಟ್ ಬೇಯಲ್ಲಿ ಆಫೀಸು. ಸೊಸೆ ಶ್ವೇತಾ ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆಮೇಲೆ ಮೂವತ್ತು ವರ್ಷ ಬೀಡಿ ಕಟ್ಟಿದ್ದೇನೆ. ಅಂಥವಳು ಲೈಬ್ರರಿಯ ವಿಷಯ ಬರೆಯುವುದು ಎಂದರೆ ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶ್ವೇತಾ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ತಿರುಗಿ ಹೋಗುವಾಗ ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಕೂರುವುದಕ್ಕಿಂತ ಅದು ವಾಸಿ. ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ ಮಕ್ಕಳ ಮನೆಯವರೂ ಲೈಬ್ರರಿಗೆ ಬರಬಹುದಿತ್ತು.

ಆ ಶಾಲೆಯಲ್ಲಿ ಅಮೆರಿಕದ ಕೆಳಗಿನ ದೇಶಗಳ ಮಕ್ಕಳು ಸುಮಾರು ಜನ ಇದ್ದರು. ಅಪ್ಪಂದಿರು ಫುಟ್ಬಾಲ್ ಕಲಿಸುವವರು, ಎಂಜಿನಿಯರುಗಳು, ಹೋಟೆಲಿನ ಅಡುಗೆಯವರು. ಅವರದ್ದು ಸ್ಪ್ಯಾನಿಷ್ ಭಾಷೆಯಂತೆ. ಇಂಗ್ಲಿಷ್ ಮತ್ತು ಅರಬ್ಬಿ ಕಲಿತು ಮಕ್ಕಳು ಮನೆಯ ಭಾಷೆ ಮರೆಯುತ್ತಿದ್ದಾರೆ, ನಮಗೂ ಒಂದು ಕಪಾಟು ಪುಸ್ತಕ ಮಾಡಿಕೊಡಿ ಎಂದು ತಾಯಂದಿರು ಕೇಳಿದ್ದರು. ದೊಡ್ಡ ಮೇಡಂ, ಅಂದರೆ ಶಾಲೆಯ ಪ್ರಿನ್ಸಿಪಾಲರು, ಸ್ವಲ್ಪ ಸಮಯ ಇಟ್ಟು ನೋಡೋಣ, ಯಾರೂ ಓದದಿದ್ದರೆ ತೆಗೆಯೋಣ ಎಂದರು. ಶ್ವೇತಾ ಹಟ ಹಿಡಿದು ಪುಸ್ತಕ ಕೂಡಿಸಿದಳು. ಕೆಲಸ ಖಲಾಸ್ ಆಗಿ ಊರಿಗೆ ಹೊರಟವರ ಮನೆಗೇ ಹೋಗಿ ಕೇಳಿದಳು. ಮಕ್ಕಳ ಕಥೆ, ಅಡುಗೆ, ಸಂತರ ಕಥೆ, ಕಾರಿನ ಎಂಜಿನ್ ರಿಪೇರಿ, ಏನು ಕೊಟ್ಟರೂ ತಂದಳು. ಅದರಲ್ಲೂ ಒಬ್ಬಳು ತಾಯಿ ಬಂದು, "ಇದು ಸ್ಪೇನ್ ದೇಶದ್ದು, ನಮ್ಮ ಕಡೆ ಹೀಗೆ ಹೇಳಿದರೆ ಮಕ್ಕಳು ನಗ್ತಾರೆ" ಎಂದು ಎರಡು ಪುಸ್ತಕ ಬದಿಗೆ ತೆಗೆಸಿದಳಂತೆ. ಒಟ್ಟು ಅರವತ್ತೆಂಟು ಪುಸ್ತಕ ಆಯಿತು.

ಆ ಕಪಾಟಿನ ಹತ್ತಿರ ಒಂದು ಉದ್ದದ ಬೆಂಚು. ಅದರ ಒಂದು ಕೊನೆಯಲ್ಲಿ ನಾನು, ಇನ್ನೊಂದು ಕೊನೆಯಲ್ಲಿ ಎಲ್ವಿರಾ. ಇದು ಆಕೆಯ ನಿಜವಾದ ಹೆಸರಲ್ಲ. ಪೆರು ಎಂಬ ದೇಶದವಳು, ನನ್ನದೇ ಪ್ರಾಯ. ಅವಳ ಮಗ ಫುಟ್ಬಾಲ್ ತಂಡದ ಜೊತೆ ಊರೂರು ತಿರುಗುವವನು. ಅವನ ಮದುವೆ ಬೇರೆ ಯಾವುದೋ ದೇಶದಲ್ಲಿ ಆಗಿತ್ತು. ಸೊಸೆ ಈ ಅತ್ತೆಯನ್ನು ಮೊದಲು ಕಂಡದ್ದೇ ದೋಹಾದಲ್ಲಿ. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಎಸಿಯ ಚಳಿಗೆ ಇಬ್ಬರೂ ಶಾಲು ಹೊದೆಯುತ್ತಿದ್ದೆವು. ನಾನು ಚಕ್ಕುಲಿ ಕೊಟ್ಟರೆ ಅವಳು ಹುರಿದ ಜೋಳ ಕೊಡುವಳು. ಅಷ್ಟೇ. ಆದರೆ ಅವಳು ಬಾರದ ದಿನ ನನಗೆ ಹೊತ್ತು ಹೋಗುತ್ತಿರಲಿಲ್ಲ.

ಎಲ್ವಿರಾ ದಿನವೂ ಒಂದೇ ದಪ್ಪ ಪುಸ್ತಕ ತೆಗೆಯುವಳು. ಅದರ ಮೇಲೆ ಕೆರೆಯಲ್ಲಿ ನಿಂತ ಒಂದು ದೋಣಿಯ ಚಿತ್ರ ಇತ್ತು, ಹುಲ್ಲಿನಿಂದ ಕಟ್ಟಿದ ದೋಣಿ. ಒಳಗೆ ಬರೀ ಅಕ್ಷರ. ಒಂದೂವರೆ ಗಂಟೆ ಅಲ್ಲಾಡದೆ ಕೂರುವಳು.

"ನೋಡಿ ಅತ್ತೆ, ಎಲ್ಲರಿಗಿಂತ ಹೆಚ್ಚು ಓದುವವರು ಅವರೇ," ಎಂದು ಶ್ವೇತಾ ಹೇಳುತ್ತಿದ್ದಳು. "ದೊಡ್ಡ ಮೇಡಂಗೆ ಅವರನ್ನೇ ತೋರಿಸುದು ನಾನು."

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಪುಸ್ತಕಗಳು ಎಷ್ಟೋ ಕೈ ದಾಟಿ ಬಂದವು, ಮೂಲೆಗಳೆಲ್ಲ ಕಿವಿ ಮಡಚಿದ್ದವು. ಜೂನ್ ಬಂತೆಂದರೆ ನಾನು ನನ್ನ ಮೂರು ಮಕ್ಕಳ ಪುಸ್ತಕಗಳಿಗೂ ಕಾಗದದ ಬೈಂಡ್ ಹಾಕಿ ಕೊಡುತ್ತಿದ್ದವಳು. ನಜ್ಮಾ ಎಂಬ ಪೇಟೆಯ ಅಂಗಡಿಯಿಂದ ಮಗನ ಹತ್ತಿರ ಕಂದು ಕಾಗದದ ದೊಡ್ಡ ಸುರುಳಿ ತರಿಸಿದೆ. ಶ್ವೇತಾ ಎರಡು ದಿನ ಮೀಟಿಂಗ್ ಎಂದು ಬೇರೆ ಕೋಣೆಯಲ್ಲಿದ್ದಳು, ಹೊರಗಿನವರಿಗೆ ಲೈಬ್ರರಿ ತೆರೆದಿರಲಿಲ್ಲ. ಆ ಎರಡು ಮಧ್ಯಾಹ್ನದಲ್ಲಿ ಅರವತ್ತೆಂಟಕ್ಕೂ ಬೈಂಡ್ ಹಾಕಿದೆ. ಬೀಡಿ ಎಲೆಯ ತುದಿ ಮಡಚಿದ ಬೆರಳು, ಕಾಗದ ಎಲ್ಲೂ ಉಬ್ಬಲಿಲ್ಲ. ಬಿಚ್ಚದೆ ಇರಲಿ ಎಂದು ಒಳಗಡೆ ಟೇಪನ್ನೂ ಅಂಟಿಸಿದೆ.

ಶ್ವೇತಾ ಬಂದು ನೋಡಿದವಳು ಕುರ್ಚಿಯಲ್ಲಿ ಕೂತೇಬಿಟ್ಟಳು.

"ಎಂತ ಮಾಡಿದ್ರಿ ಅತ್ತೆ? ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಹರಿದು ಹೋಗ್ತಿತ್ತು, ಹಾಕಿದೆ."

"ಮೇಲಿನ ಚಿತ್ರ ನೋಡಿಯೇ ಜನ ಪುಸ್ತಕ ತೆಗಿಯುದು. ಈಗ ಎಲ್ಲ ರೇಷನ್ ಅಂಗಡಿಯ ಪೊಟ್ಟಣದ ಹಾಗೆ ಉಂಟು."

"ಚಿತ್ರ ನೋಡುವವರಿಗೆ ಒಳಗೆ ಅಷ್ಟು ಬರೆಯುದು ಎಂತಕ್ಕೆ?" ಎಂದೆ.

ಅವಳು ಒಂದನ್ನು ಬಿಚ್ಚಲು ಹೋದಳು. ಟೇಪಿನ ಜೊತೆ ಹೊದಿಕೆಯೂ ಹರಿಯಿತು. ಮತ್ತೆ ಮುಟ್ಟಲಿಲ್ಲ. ಗುರುವಾರ ದೊಡ್ಡ ಮೇಡಂ ಕಪಾಟು ನೋಡಲು ಬರುವವರಿದ್ದರು, ಅದಕ್ಕೆ ಎರಡೇ ದಿನ ಇತ್ತು. ಬಿಳಿ ಚೀಟಿಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಎಲ್ಲದಕ್ಕೂ ಅಂಟಿಸಿದಳು.

ಮರುದಿನ ಸಂಜೆ ಜನ ಬಂದರು. ಚೀಟಿ ಓದಿ ತಮಗೆ ಬೇಕಾದ್ದನ್ನು ತೆಗೆದುಕೊಂಡರು, ಯಾರಿಗೂ ತೊಂದರೆ ಆಗಲಿಲ್ಲ. ನೋಡು, ಏನಾಯಿತು ಈಗ ಎಂದು ನಾನು ಸೊಸೆಯ ಕಡೆ ನೋಡಿದೆ.

ಆಮೇಲೆ ಎಲ್ವಿರಾ ಬಂದಳು. ಕಪಾಟಿನ ಮುಂದೆ ಹೋಗಿ ನಿಂತಳು. ಒಂದು ಪುಸ್ತಕ ತೆಗೆದು ತೆರೆದಳು, ಇಟ್ಟಳು. ಇನ್ನೊಂದು. ಮತ್ತೊಂದು. ದೋಣಿಯ ಪುಸ್ತಕ ಅವಳ ಮೊಣಕೈಯ ಹತ್ತಿರವೇ ಇತ್ತು, ಚೀಟಿ ಎದುರಿಗೇ ಕಾಣುತ್ತಿತ್ತು. ದಪ್ಪದಿಂದ ನನಗೆ ಗುರುತು ಸಿಕ್ಕಿತು. ಅವಳ ಕಣ್ಣು ಆ ಚೀಟಿಯ ಮೇಲೆ ಎರಡು ಸಲ ಹೋಗಿ ಮುಂದೆ ಹೋಯಿತು. ಕೊನೆಗೆ ಸುತ್ತ ಒಮ್ಮೆ ನೋಡಿ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬಂದು ಕೂತಳು. ಅದು ಎಂಜಿನ್ ರಿಪೇರಿಯದ್ದು. ನಟ್ಟು ಬೋಲ್ಟಿನ ಚಿತ್ರಗಳ ಹಾಳೆಯನ್ನು ಅವಳು ಒಂದು ಗಂಟೆ ನಿಧಾನವಾಗಿ ತಿರುವಿದಳು.

ನನಗೆ ಅರ್ಥವಾಯಿತು. ಬೇರೆಯವರಿಗೆ ಆಗುತ್ತಿರಲಿಲ್ಲ. ದೋಹಾದಲ್ಲಿ ನಾನೂ ಓದು ಬಾರದವಳೇ. ಸೊಸೆಯ ಅಡುಗೆಮನೆಯ ಡಬ್ಬಗಳನ್ನು ಬಣ್ಣದಿಂದ ಗುರುತು ಹಿಡಿಯುವವಳು. ಆಸ್ಪತ್ರೆಯಲ್ಲಿ ಕಾಯುವಾಗ ಎಲ್ಲರ ಹಾಗೆ ಕಾಣಲಿ ಎಂದು ಇಂಗ್ಲಿಷ್ ಪುಸ್ತಕ ಹಿಡಿದು, ಪಕ್ಕದವಳು ಹಾಳೆ ತಿರುವಿದಾಗ ನಾನೂ ತಿರುವಿದ್ದೇನೆ.

ಎದ್ದು ದೋಣಿಯ ಪುಸ್ತಕ ತಂದು ಕೊಡಬಹುದಿತ್ತು. ಕೊಟ್ಟರೆ ನನಗೆ ಗೊತ್ತಾದದ್ದು ಅವಳಿಗೆ ಗೊತ್ತಾಗುತ್ತಿತ್ತು. ಸುಮ್ಮನೆ ಕೂತೆ.

ವಾಪಸು ಬರುವಾಗ ಕಾರಿನಲ್ಲಿ ಶ್ವೇತಾಗೆ ಸಿಟ್ಟು ಇಳಿದಿತ್ತು. "ನಾಳೆ ಎಲ್ವಿರಾ ಅಮ್ಮ ದೊಡ್ಡ ಮೇಡಂ ಎದುರು ಆ ದೋಣಿ ಪುಸ್ತಕದಿಂದ ಎರಡು ಪುಟ ಓದ್ತಾರೆ ಅತ್ತೆ," ಎಂದಳು.

"ಅವಳತ್ರ ಕೇಳಿದ್ಯಾ?"

"ಅವರ ಸೊಸೆ ಒಪ್ಪಿಯಾಯ್ತು. ಅವಳಿಗೆ ಭಾರಿ ಖುಷಿ."

"ನಾನು ಕೇಳಿದ್ದು ಅವಳತ್ರ ಕೇಳಿದ್ಯಾ ಅಂತ."

"ದಿನಾ ಓದುವವರಿಗೆ ಅದರಲ್ಲಿ ಎಂತ ಕಷ್ಟ ಅತ್ತೆ?"

ನಾನು ಹೇಳಲಿಲ್ಲ. ಶ್ವೇತಾ ಒಳ್ಳೆಯವಳು, ಅದೇ ಕಷ್ಟ. ಗೊತ್ತಾದರೆ ಮರುದಿನವೇ ಸ್ಲೇಟು ತಂದು ಅ ಆ ಕಲಿಸಲು ಕೂರುತ್ತಿದ್ದಳು, ನಾಲ್ಕು ಜನರನ್ನು ಕರೆದು ಚಪ್ಪಾಳೆ ತಟ್ಟಿಸುತ್ತಿದ್ದಳು. ಎಲ್ವಿರಾ ಹುಷಾರಿಲ್ಲ ಎಂದು ಮನೆಯಲ್ಲಿ ಉಳಿಯುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ನಾನಾಗಿದ್ದರೆ ಉಳಿಯುತ್ತಿದ್ದೆ.

ಗುರುವಾರ ಅವಳು ಬಂದಳು. ಇಸ್ತ್ರಿ ಮಾಡಿದ ನೀಲಿ ಸ್ವೆಟರ್ ಹಾಕಿಕೊಂಡಿದ್ದಳು. ಅವಳ ಸೊಸೆ ಕೈ ಹಿಡಿದುಕೊಂಡೇ ಕರೆತಂದಳು. ಹದಿನೈದು ಇಪ್ಪತ್ತು ತಾಯಂದಿರು, ಚಾಪೆಯ ಮೇಲೆ ಮಕ್ಕಳು, ಮುಂದೆ ದೊಡ್ಡ ಮೇಡಂ. ನಡುವೆ ಒಂದು ಕುರ್ಚಿ ಹಾಕಿ ಎಲ್ವಿರಾಳನ್ನು ಕೂರಿಸಿ ದೋಣಿಯ ಪುಸ್ತಕ ಕೈಗೆ ಕೊಟ್ಟರು.

ಅವಳು ತೆರೆದಳು. ಅವಳು ಕಣ್ಣಿನ ಹತ್ತಿರ ಕೈ ಆಡಿಸಿ ಏನೋ ಹೇಳಿದಳು. ಕನ್ನಡಕ ತಂದಿಲ್ಲ ಎಂದು ನನಗೆ ಭಾಷೆ ಇಲ್ಲದೆ ತಿಳಿಯಿತು. ಬ್ಯಾಂಕಿನಲ್ಲಿ ನಾನೂ ಹೇಳುವ ಮಾತು ಅದು. ಅವಳ ಸೊಸೆ ನಗುತ್ತಾ ಬ್ಯಾಗಿನಿಂದ ಕನ್ನಡಕ ತೆಗೆದು ತಂದು ಅತ್ತೆಯ ಮೂಗಿನ ಮೇಲೆ ತಾನೇ ಇಟ್ಟಳು.

ಇನ್ನು ಹೇಳಲು ಅವಳಿಗೆ ಏನೂ ಉಳಿದಿರಲಿಲ್ಲ. ಪುಸ್ತಕವನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದಳು.

ನಾನು ಎದ್ದು ಹೋಗಿ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡೆ. ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಮಕ್ಕಳ ಜೊತೆ ಚಾಪೆಯ ಮೇಲೆ ಕೂತೆ.

"ಅತ್ತೆ, ಎಂತ ಇದು," ಎಂದಳು ಶ್ವೇತಾ ಮೆಲ್ಲಗೆ. ಮುಖ ಕೆಂಪಾಗಿತ್ತು.

"ಓದಲಿಕ್ಕೆ ಇವರಿಗೆಲ್ಲ ಬರ್ತದೆ, ಮನೆಗೆ ತಗೊಂಡೋಗಿ ಓದಲಿ. ಅಜ್ಜಿಯನ್ನು ಕೂರಿಸಿದ ಮೇಲೆ ಅಜ್ಜಿ ಬಾಯಿಯಲ್ಲಿ ಹೇಳ್ಬೇಕು. ಆ ದೋಣಿ ಹೇಗೆ ಕಟ್ಟುದು ಅಂತ ಕೇಳು ಅವಳತ್ರ. ನಿನ್ನ ಮೇಡಂಗೂ ಹೇಳು."

ಶ್ವೇತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸ್ವಲ್ಪ ಸಕ್ಕರೆ ಹಾಕಿಯೇ ಹೇಳಿರಬೇಕು, ದೊಡ್ಡ ಮೇಡಂ ತಲೆ ಆಡಿಸಿದರು. ಎಲ್ವಿರಾಳ ಸೊಸೆ ಅತ್ತೆಗೆ ತಿಳಿಸಿದಳು.

ಎಲ್ವಿರಾ ನನ್ನನ್ನೇ ನೋಡಿದಳು. ಅವಳು ಏಳುತ್ತಾಳೆ, ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಕನ್ನಡಕ ತೆಗೆದು ಮಡಚಿ ಮಡಿಲಲ್ಲಿಟ್ಟಳು. ಆಮೇಲೆ ಮಾತು ತೆಗೆದಳು. ಕೈ ಚಾಚಿ ಹುಲ್ಲು ಎಷ್ಟು ಎತ್ತರ ಎಂದು ತೋರಿಸಿದಳು. ಕೊಯ್ಯುವುದು, ಒಣಗಿಸುವುದು, ಕಟ್ಟು ಕಟ್ಟುವುದು. ಅವಳ ಅಪ್ಪ ದೋಣಿ ಕಟ್ಟುವವನಂತೆ. ಹಗ್ಗ ಬಿಗಿಯುವಾಗ ಒಂದು ಕಾಲಿನಿಂದ ಒತ್ತಿ ಹಿಡಿಯುವುದನ್ನು ಕುರ್ಚಿಯ ಕಾಲಿಗೆ ತನ್ನ ಶಾಲು ಸುತ್ತಿ ತೋರಿಸಿದಳು. ಮಕ್ಕಳು ಎದ್ದು ಹತ್ತಿರ ಬಂದರು. ನಡುನಡುವೆ ತಾಯಂದಿರು ಮುಖ ಮುಖ ನೋಡಿಕೊಂಡರು. ಅರ್ಧ ಮಾತು ಸ್ಪ್ಯಾನಿಷ್ ಅಲ್ಲವೇ ಅಲ್ಲವಂತೆ, ಅವಳ ಮನೆಯ ಭಾಷೆಯಂತೆ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇದ್ದ ಹಾಗೆ ಅವಳ ಊರಲ್ಲೂ ಇತ್ತು ಎಂದು ಆವಾಗ ತಿಳಿಯಿತು. ಶಾಲೆಗೆ ಹೋಗದವಳಿಗೆ ಆ ಶಾಲೆಯ ಭಾಷೆಯ ಅಕ್ಷರ ಎಲ್ಲಿಂದ ಬರಬೇಕು.

ಕಪಾಟು ಉಳಿಯಿತು. ದೊಡ್ಡ ಮೇಡಂ ಹೊಸ ಪುಸ್ತಕ ತರಿಸಲು ಒಪ್ಪಿದರು. ಅಜ್ಜಿಯರು ಹೇಳುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟು ಅದನ್ನೂ ಕಪಾಟಿಗೆ ಸೇರಿಸಬೇಕು ಎಂದು ಶ್ವೇತಾ ಓಡಾಡಿದಳು. ಆದರೆ ಆ ದಿನ ಕಾರಿನಲ್ಲಿ ನನಗೆ ಸರಿಯಾಗಿ ಬೈಗುಳ ಬಿತ್ತು.

"ಅಷ್ಟು ಜನರ ಎದುರು ಕೈಯಿಂದ ಎಳಕೊಂಡ್ರಲ್ಲ. ಅವರಿಗೆ ಎಷ್ಟು ಬೇಜಾರಾಗಿರ್ಬೇಡ?"

"ಆಗಿರ್ಬಹುದು," ಎಂದೆ.

ಎಲ್ವಿರಾ ಈಗ ತನ್ನ ದೇಶಕ್ಕೆ ಹೋಗಿಯಾಯಿತು ಎಂದು ಮೊನ್ನೆ ಶ್ವೇತಾ ಫೋನಿನಲ್ಲಿ ಹೇಳಿದಳು. ಅದಕ್ಕೇ ಇದನ್ನು ಬರೆದೆ. ಇದನ್ನು ಓದಿದರೆ ನನ್ನ ಸೊಸೆಗೂ ಈಗಲೇ ಗೊತ್ತಾಗುವುದು.

ಆ ಗುರುವಾರದ ನಂತರ ನಾನು ಅಲ್ಲಿದ್ದಷ್ಟು ದಿನವೂ ಎಲ್ವಿರಾ ಲೈಬ್ರರಿಗೆ ಬರುತ್ತಿದ್ದಳು. ಮಕ್ಕಳು ಸುತ್ತ ಕೂತು ಕಥೆ ಕೇಳುತ್ತಿದ್ದರು. ಬೆಂಚಿಗೆ ಮಾತ್ರ ಬರಲಿಲ್ಲ, ಆಚೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡಳು. ನಾನು ಕಂಡರೆ ತಲೆ ಬಾಗಿಸುವಳು, ಅಷ್ಟೇ. ನಾನೂ ಹೋಗಿ ಮಾತಾಡಿಸಲಿಲ್ಲ. ಬೇಸರ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಪ್ಪು ಅವಳದ್ದಲ್ಲ. ಆಸ್ಪತ್ರೆಯಲ್ಲಿ ಪಕ್ಕದವಳು ನನ್ನ ಕೈಯಿಂದ ಆ ಇಂಗ್ಲಿಷ್ ಪುಸ್ತಕ ತೆಗೆದುಕೊಂಡಿದ್ದರೆ, ಒಳ್ಳೆಯದಕ್ಕೇ ತೆಗೆದುಕೊಂಡಿದ್ದರೂ, ನಾನು ಮತ್ತೆ ಅವಳ ಪಕ್ಕ ಕೂರುತ್ತಿರಲಿಲ್ಲ.